ಸಪ್ಪಲಮ್ಮ ತಿಕ್ಕಿದ ನೆಲ

ಚಾಮರಾಜಪೇಟೆಯ ಸ್ಟಾಪಿನಲ್ಲಿ ಪ್ರೇಮಲತಾ ತ್ಯಾಗರಾಜನಗರದ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲಿ ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರು ಕೂತಿದ್ದರು, ಜೊತೆಗೆ ನಡುವಯಸ್ಸಿನ ಹೆಂಗಸು. ಹಳೆ ಮನೆಗಳನ್ನು ಹೊಸದು ಮಾಡಿಕೊಡುವುದು ಆಕೆಯ ಕೆಲಸವೆಂದು ಮಾತಿನಲ್ಲೇ ಗೊತ್ತಾಯಿತು.

“ಮುನಿಗಂಗಪ್ಪನೋರೇ, ಆ ಮನೆಯವರಿಗೆ ಮತ್ತೆ ಕೆಂಪು ಗಾರೆ ನೆಲಾನೇ ಬೇಕಂತೆ. ಮಾಡೋರೇ ಸಿಗ್ತಿಲ್ಲ.”

“ಇಪ್ಪತ್ತು ವರ್ಷದ ಹಿಂದೆ ಅದೇ ನೆಲಾನ ಒಡೆಸಿ ಟೈಲ್ಸ್ ಹಾಕ್ಸಿದ್ದು ನೀವೇ ಅಲ್ವೇನಮ್ಮಾ?”

“ನಾನೇ. ಆಗ ಕೆಲಸಕ್ಕೆ ಹೊಸಬಳು. ಹಳೇದೆಲ್ಲ ಕಸ ಅಂದ್ಕೊಂಡಿದ್ದೆ.”

“ಒಡೆಯೋ ದಿನ ನಮ್ಮ ಮನೆಯೋಳು ಗೇಟಿನ ಹತ್ರ ನಿಂತು ನೋಡ್ಕೊಂಡು ಬಂದ್ಲು. ಗಾರೆ ಹಾಕಿದ್ದಷ್ಟೇ ನಾನು. ಮುಖ ಕಾಣೋ ಹಾಗೆ ತಿಕ್ಕಿದ್ದು ಅವಳು, ಸಪ್ಪಲಮ್ಮ.”

“ಅವರನ್ನೂ ಕರ್ಕೊಂಡು ಬನ್ನಿ.”

“ಅವಳು ಹೋಗಿ ಮೂರು ವರ್ಷ ಆಯ್ತಲ್ಲಮ್ಮ.”

ಆಕೆ ತಲೆ ತಗ್ಗಿಸಿದಳು. ಪ್ರೇಮಲತಾಗೆ ತವರಿನ ತಣ್ಣನೆಯ ಕೆಂಪು ನೆಲ ನೆನಪಾಯಿತು. ಬೇಸಿಗೆಯ ಮಧ್ಯಾಹ್ನ ಅಕ್ಕತಂಗಿಯರೆಲ್ಲ ಚಾಪೆಯೂ ಬೇಡವೆಂದು ಅದರ ಮೇಲೇ ಮಲಗುತ್ತಿದ್ದರು.

“ತಿಕ್ಕೋದು ನಂಗೆ ಹೇಳ್ಕೊಡ್ತೀರಾ?” ಪಕ್ಕದ ಹೆಂಗಸು ತಲೆಯೆತ್ತಿ ಮೇಸ್ತ್ರಿಯನ್ನು ಕೇಳಿದಳು.

“ದಿನವೆಲ್ಲ ಮಂಡಿ ಊರ್ಕೊಂಡು ಕೂರ್ಬೇಕು. ಅಂಗೈ ಸಿಪ್ಪೆ ಏಳುತ್ತೆ.”

“ಏಳ್ಲಿ ಬಿಡಿ.”

“ನಿಮ್ಮಂಥೋರಿಗೆ ಆಗೋ ಕೆಲಸ ಅಲ್ಲ ಅದು.”

“ಒಡೆಸಿದ್ದು ನಾನಲ್ವಾ? ನಾನೇ ತಿಕ್ತೀನಿ.”

ಅಷ್ಟರಲ್ಲಿ ಮೇಸ್ತ್ರಿಯ ಬಸ್ಸು ಬಂತು. ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿ, ಒಳಗೆ ಹೋಗುವ ಮುಂಚೆ ಆಕೆಯ ಕಡೆ ತಿರುಗಿದರು.

“ಸೋಮವಾರ ಬರ್ತೀನಿ. ಬಳೆ ಮೇಲೆ ಬಟ್ಟೆ ಸುತ್ಕೊಂಡು ಬನ್ನಿ. ಹಸಿ ನೆಲಕ್ಕೆ ಗೀರು ಬೀಳುತ್ತೆ.”