ಜೈಲಿನ ಪಗಾರದ ಅಂಗಿ

ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸಿನ ಹತ್ತಿರ ಮುದುಕರೊಬ್ಬರು ಕುಂಟುತ್ತ ಬಂದರು.

“ಪಾರವ್ವ, ನಿನ್ನ ಗಂಡನ್ನ ಇವತ್ತ ಜೈಲಿನಿಂದ ಬಿಡ್ತಾರಂತ?”

“ಹೌದ್ರಿ ಅಂದಪ್ಪಕಾಕಾ. ಕರ್ಕೊಂಡು ಬರಾಕ ಹೊಂಟೇನ್ರಿ.”

“ಅಲ್ಲಿ ದುಡದ ಪಗಾರ?”

“ಊಟದ ಖರ್ಚು ಕಟ್ ಮಾಡಿ, ಉಳದದ್ದು ಅವರ ಖಾತೆದಾಗ ಇಟ್ಟಾರಂತ್ರಿ. ಹೊಡತ ತಿಂದವರಿಗೂ ಒಂದು ಪಾಲು ಹೋಗ್ತದಂತ. ನಿಮಗ ಮುಟ್ಟೇತೇನ್ರಿ?”

“ಮುಟ್ಟೇತಿ. ನನ್ನ ಮ್ಯಾಲೆ ಬಡಿಗಿ ಎತ್ತಿದಾಂವ ಅಲ್ಲಿ ಬೇಕರ್ಯಾಗ ಬ್ರೆಡ್ ಸುಡತಿದ್ದನಂತ!”

ಇಬ್ಬರೂ ಜೋರಾಗಿ ನಕ್ಕರು. ಮುದುಕರು ಚೀಲದಿಂದ ಹೊಸ ಅಂಗಿಯೊಂದನ್ನು ತೆಗೆದು ತೋರಿಸಿದರು.

“ಆ ರೊಕ್ಕದಾಗ ಅವನಿಗೇ ತಂದೇನಿ.”

“ಅಯ್ಯ, ನೀವೂ ಬರ್ತೀರೇನ್ರಿ?”

“ಮತ್ತ? ಬಸ್ ಬಂತು, ಜಲ್ದಿ ಹೋಗಿ ನನಗೂ ಸೀಟು ಹಿಡಿ. ನಿನ್ನ ಗಂಡ ಮುರದ ಕಾಲಿದು, ನಿಲ್ಲಾಕ ಆಗೂದಿಲ್ಲ.”

ಅವಳು ಸೆರಗು ಸಿಕ್ಕಿಸಿಕೊಂಡು ಓಡಿದಳು.