ಪಂಚಮಿಗೆ ಬರಬೇಕಿದ್ದ ಕೆಂಪು ಕಾರು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಹೆಸರು ಹೇಳುವುದಿಲ್ಲ, ಹೇಳಿದರೆ ಇಲ್ಲಿ ಕೂತವರಲ್ಲಿ ಯಾರಿಗಾದರೂ ಅದೇ ಹೆಸರಿದ್ದು, ನಾಳೆಯಿಂದ ಅವರು ಪ್ರವಚನಕ್ಕೆ ಬರುವುದು ಬಿಟ್ಟಾರು. ಸಿಮೆಂಟು, ಕಬ್ಬಿಣದ ದೊಡ್ಡ ಅಂಗಡಿ ಅವನದು. ತಂದೆತಾಯಿ ಇಲ್ಲ. ಇದ್ದವಳು ಒಬ್ಬಳೇ ಅಕ್ಕ, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳನ್ನು ದೂರದ ಹಳ್ಳಿಗೆ ಕೊಟ್ಟಿದ್ದರು.

ನೋಡಿ, ನಮ್ಮ ಕಡೆ ನಾಗರಪಂಚಮಿ ಬಂತೆಂದರೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರಬೇಕು. ಕರೆಯದೆ ಯಾವ ಮಾನವಂತೆಯೂ ಬರುವುದಿಲ್ಲ. ಇವನು ಬಡವನಿದ್ದಾಗ ವರ್ಷ ತಪ್ಪದೆ ಹೋಗುತ್ತಿದ್ದ. ಒಮ್ಮೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಅಕ್ಕ ದಾರಿಯುದ್ದಕ್ಕೂ ನಿಂತೇ ಬಂದಳು. ಇಳಿದ ಕೂಡಲೇ ಅವನು ಅವಳ ಕೈಯಿಂದ ಚೀಲ ಇಸಿದುಕೊಂಡ.

"ಅಕ್ಕಾ, ಇನ್ನ ನಿನ್ನ ಬಸ್ಸಿನ್ಯಾಗ ಕರಕೊಂಡು ಹೋಗಂಗಿಲ್ಲ. ಕಾರ ತಗೊಂಡ ಬರ್ತೀನಿ," ಅಂದ.

ಒಳ್ಳೆಯ ಮಾತೇ ಅಲ್ಲವೇ? ಮುಂದೇನಾಯಿತು ಕೇಳಿ.

ಕೈಯಲ್ಲಿ ದುಡ್ಡು ಓಡಾಡತೊಡಗಿತು. ಅವನಿಗೆ ಬೇಕಾದ ಕಾರು ಎಂಥದು? ರೇಸಿನ ಕಾರಿನ ಹಾಗೆ ಓಡಬೇಕು, ಸಣ್ಣದಿರಬೇಕು, ಪೆಟ್ರೋಲು ಕುಡಿಯಬಾರದು, ಬೆಲೆಯೂ ಕಡಿಮೆ ಇರಬೇಕು. ಓಡುವ ಕುದುರೆ ಬೇಕು, ಹುಲ್ಲು ಮಾತ್ರ ತಿನ್ನಬಾರದು. ಅಂಥದೊಂದು ಸ್ಪೋರ್ಟ್ಸ್ ಕಾರು ಬರುವ ವರ್ಷ ಬರುತ್ತದೆಂದು ಪೇಪರಿನಲ್ಲಿ ಓದಿದ. ಅದರ ಕೆಂಪು ಚಿತ್ರ ಕತ್ತರಿಸಿ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ. ಆ ವರ್ಷ ಪಂಚಮಿಗೆ ಹೋಗಲಿಲ್ಲ, ಫೋನು ಮಾಡಿದ.

"ಕಾರ ಯಾತಕಪಾ? ಬಸ್ಸು ಮನಿ ಮುಂದನ ನಿಂದರತೈತಿ," ಅಂದಳು ಅಕ್ಕ.

"ಮತ್ತ ನಿಂತು ಬರಾಕ ಹಚ್ಚಲೇನ ನಿನ್ನ? ಬರೂ ಪಂಚಮಿಗೆ ಕಾರಿನ್ಯಾಗ ಬರ್ತೀನಿ, ತಡಿ."

ಬರುವ ವರ್ಷ ಬಂತು. ಕಾರು ಬಂತೇ? ಬಂತು. ಆದರೆ ಇನ್ನೂ ಕಡಿಮೆ ಪೆಟ್ರೋಲಿನಲ್ಲಿ ಓಡುವುದು ಅದರ ಮರುವರ್ಷ ಬರುತ್ತದೆಂದು ಪೇಪರಿನವರು ಬರೆದರು. ತಡೆದ. ಆಮೇಲೆ ಅದಕ್ಕಿಂತ ಅಗ್ಗದ್ದು ಬರುತ್ತದೆಂದರು. ಮತ್ತೆ ತಡೆದ. ಗಲ್ಲಾಪೆಟ್ಟಿಗೆಯ ಮೇಲೆ ಚಿತ್ರ ಬದಲಾಗುತ್ತಾ ಹೋಯಿತು. ಕಾರಿಲ್ಲದೆ ಹೋದರೆ ಆಡಿದ ಮಾತು ತಪ್ಪಿದಂತೆ ಎಂದು ಅವನು ನಡುವೆಯೂ ಆ ಊರಿನ ಕಡೆ ತಲೆ ಹಾಕಲಿಲ್ಲ. ಅಲ್ಲಿ ಅಕ್ಕ ಪ್ರತಿ ಪಂಚಮಿಗೂ ಇಳಕಲ್ ಸೀರೆ ಉಟ್ಟು, ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದಳು. ಬಸ್ಸು ಬಂದಾಗಲೆಲ್ಲ ಎದ್ದು ನೋಡುತ್ತಿದ್ದಳು. ಮನಸ್ಸು ತಡೆಯದೆ ತಮ್ಮ ಬಸ್ಸಿನಲ್ಲೇ ಬಂದಾನೆಂಬ ಆಸೆ. ಓಣಿಯವರು ನಗುತ್ತಿದ್ದರು: "ಏನಬೇ, ತಮ್ಮನ ಕಾರು ಇನ್ನೂ ಹಾದ್ಯಾಗ ಐತೇನ?"

ಕೊನೆಗೊಂದು ವರ್ಷ ಕಾರು ಕೊಂಡೇಬಿಟ್ಟ. ಚಿತ್ರದಲ್ಲಿದ್ದ ಹಾಗೇ ಇತ್ತು: ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಕುಕ್ಕರಿಸಿ ಕೂತಂಥ ಮೈ. ಪಂಚಮಿಯ ಮುಂಜಾನೆ ಅಕ್ಕನ ಮನೆಯ ಮುಂದೆ ತಂದು ನಿಲ್ಲಿಸಿದ. ಓಣಿಗೆ ಓಣಿಯೇ ನೆರೆಯಿತು, ಇವನ ಎದೆ ಉಬ್ಬಿತು. ಆಗ ಅಕ್ಕ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮೊಣಕಾಲು ಬಾತು ಬಿಗಿದಿದ್ದವು. 'ಆರಾಮ ಅದೀನಿ' ಅನ್ನುತ್ತಿದ್ದಳಲ್ಲ, ಫೋನಿನಲ್ಲಿ ಮೊಣಕಾಲು ಕಾಣುತ್ತವೆಯೇ?

ಬಾಗಿಲು ತೆರೆದ. ಸೀಟು ಊಟದ ಮಣೆಯಷ್ಟು ತಗ್ಗು. ಅಕ್ಕ ಬಗ್ಗಿದಳು, ಕಾಲು ಮಡಿಯಲಿಲ್ಲ. ರಟ್ಟೆ ಹಿಡಿದು ಕೂರಿಸಲು ನೋಡಿದ, ನೋವಿಗೆ ಚೀರಿದಳು. ಆವತ್ತು ಓಣಿಯವರು ಯಾರೂ ನಗಲಿಲ್ಲ. "ಬ್ಯಾರೆ ದೊಡ್ಡ ಗಾಡಿ ತರತೀನಿ, ಅಕ್ಕಾ," ಅಂದ.

"ಬ್ಯಾಡ ತಮ್ಮಾ. ಬಚ್ಚಲಕ್ಕ ಹೋಗಾಕೂ ಮಂದಿ ಹಿಡೀಬೇಕು ನನ್ನ. ಇನ್ನ ಬಂದು ಪಂಚಮಿ ಜೋಕಾಲಿ ಆಡ್ಲೇನು? ಹೋದ ವರ್ಷದ ತನಕ ಬಸ್ ಹತ್ತತಿದ್ದೆ ನೋಡು."

ಬೈಯಲಿಲ್ಲ. ಕಾರಿನ ಮೇಲೆ ಕೈಯಾಡಿಸಿ, "ಭಾಳ ಚೆಂದ ಐತಿ," ಅಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಚೀಲದಲ್ಲಿದ್ದ ಎಳ್ಳುಂಡಿಯ ಗಂಟನ್ನು ಖಾಲಿ ಸೀಟಿನ ಮೇಲಿಟ್ಟು ಅವನನ್ನು ಕಳಿಸಿದಳು. ಹಾದಿಯುದ್ದಕ್ಕೂ ಅವನು ಒಬ್ಬನೇ ಅತ್ತ.

ಮುಂದಿನ ಪಂಚಮಿಗೆ ಅಕ್ಕ ಇರಲಿಲ್ಲ. ಕಾರು ಶೆಡ್ಡಿನಲ್ಲಿದೆ. ಅವನು ಬಯಸಿದ ಹಾಗೇ ಪೆಟ್ರೋಲಿನ ಖರ್ಚು ಇಲ್ಲವೇ ಇಲ್ಲ, ಹೊರಗೇ ತೆಗೆಯುವುದಿಲ್ಲವಲ್ಲ.

ನಾಡಿದ್ದು ಪಂಚಮಿ. ಗಂಡಸರೇ, ನೀವು ಯಾವ ಕಾರಿಗೆ ಕಾಯುತ್ತಿದ್ದೀರಿ? ಒಬ್ಬನದು ಮನೆ ಕಟ್ಟಿ ಮುಗಿಯಲಿ, ಇನ್ನೊಬ್ಬನದು ವ್ಯಾಪಾರ ಕುದುರಲಿ ಎಂಬ ನೆಪ. ಮಂಗಳಾರತಿ ಆದ ಮೇಲೆ ಮನೆಗೆ ಹೋಗಬೇಡಿ, ಬಸ್ ಸ್ಟ್ಯಾಂಡಿಗೆ ಹೋಗಿ. ಅಂಗಿ ಬದಲಿಸಬೇಡಿ, ಸಿಕ್ಕ ಬಸ್ಸು ಹತ್ತಿ. ಸೀಟು ಸಿಗದಿದ್ದರೆ ಅಕ್ಕ ತಮ್ಮ ಇಬ್ಬರೂ ನಿಂತುಕೊಂಡು ಬನ್ನಿ.

ನೀವು ಹೋಗುವುದಿಲ್ಲ, ನನಗೆ ಗೊತ್ತು. ಹೋದ ಶ್ರಾವಣದಲ್ಲೂ ಇದೇ ಕಥೆ ಹೇಳಿದ್ದೆ. ಎಲ್ಲರೂ ಕಣ್ಣೊರೆಸಿಕೊಂಡು ಪ್ರಸಾದಕ್ಕೆ ಸಾಲು ಹಚ್ಚಿದಿರಿ. ಒಬ್ಬರು ನನ್ನ ಪಾದ ಮುಟ್ಟಿ, "ಬರೂ ವರ್ಷ ಖರೇನ ಹೋಗ್ತೀನ್ರೀ ಅಪ್ಪಾರ," ಅಂದರು. ಅವರು ಇವತ್ತೂ ಇಲ್ಲೇ ಕೂತಿದ್ದಾರೆ. ಯುಗಾದಿಯ ಮರುದಿನ ಅವರ ತಂಗಿಯನ್ನು ಮಣ್ಣು ಮಾಡಿದರು.

ಇವತ್ತು ಸಾಲು ಹಚ್ಚಬೇಡಿ. ಪ್ರಸಾದ ಕಟ್ಟಿಸಿಕೊಂಡು ಹೋಗಿ, ನಿಮ್ಮ ಅಕ್ಕನದೋ ತಂಗಿಯದೋ ಕಟ್ಟೆಯ ಮೇಲೆ ಕೂತು ಇಬ್ಬರೂ ತಿನ್ನಿ.