ವೈರಿಗಾಗಿ ಪ್ರಾರ್ಥನೆ

೨೦೦೬ರ ಜನವರಿ, ಭಾನುವಾರ. ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಡಗಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ಇಬ್ಬರು ಅಜ್ಜಿಯರು. ಒಬ್ಬಾಕೆಯ ಚೀಲದಲ್ಲಿ ಬೈಬಲ್ಲು, ತೊಡೆಯ ಮೇಲೆ ಐದು ವರ್ಷದ ಮೊಮ್ಮಗಳು.

“ಯಾಕ್ರಿ ಎಸ್ತೇರವ್ವ, ಮಾರಿ ಸಣ್ಣದ ಮಾಡೀರಿ?”

“ಈ ಕೃಪಾ ನನ್ನ ಮಾನ ಕಳದಳ್ರಿ ಶಾರದವ್ವ. ವೈರಿಗಳಿಗಾಗಿ ಪ್ರಾರ್ಥನಿ ಮಾಡಬೇಕು ಅಂತ ಸಂಡೇ ಸ್ಕೂಲಿನ್ಯಾಗ ಕಲಿಸ್ಯಾರ.”

“ಛಲೋ ಮಾತ ಐತೆಲ್ರಿ.”

“ಇವತ್ತ ಚರ್ಚಿನ್ಯಾಗ ಎದ್ದು ನಿಂತು, ‘ಯೇಸಪ್ಪಾ, ನಮ್ಮಜ್ಜಿ ವೈರಿ ಮಾರ್ತಾ ಅಜ್ಜಿನ್ನ ಆರಾಮ ಇಡು’ ಅಂದ್ಲು. ಎಲ್ಲಾರ ಮುಂದ.”

“ಮಾರ್ತವ್ವ ಅಂದ್ರ ನಿಮ್ಮ ನೆಗೆಣ್ಣಿ, ಮೈದುನನ ಹೇಣ್ತಿ ಅಲ್ಲೇನ್ರಿ? ಆಕಿ ಏನಂದ್ಲು?”

“ಆಮೆನ್ ಅಂದ್ಲು. ಎಲ್ಲಾರಕಿಂತ ಜೋರಾಗಿ.”

“ಇಂಥಾ ಪಾಠಾ ಕಲಿಸೋ ಟೀಚರ್ ಯಾರ್ರಿ?”

ಎಸ್ತೇರವ್ವ ಸೆರಗು ಸರಿಮಾಡಿಕೊಂಡಳು.

“ನಾನ ರೀ.”

“ಹಂಗಾರ ಹುಡುಗಿ ಬರೋಬ್ಬರಿ ಕಲತಾಳ.”

“ಅದ ತ್ರಾಸ ನೋಡ್ರಿ.”

“ಜಗಳರ ಯಾತಕ್ಕ?”

“ಕ್ರಿಸ್‌ಮಸ್ಸಿಗೆ ಕರ್ಚಿಕಾಯಿ ಡಬ್ಬಿ ಕಳಿಸಿದ್ದೆ. ಡಬ್ಬಿ ಖಾಲಿ ತಿರುಗಿ ಕಳಿಸಿದ್ಲು. ನಾಕು ಕಾಳು ಸಕ್ಕರಿನೂ ಹಾಕಿದ್ದಿಲ್ಲ. ಹಂಗ ಯಾರರ ಕಳಿಸ್ತಾರೇನ್ರಿ?”

ಬಸ್ಸು ಬಂತು. ಅತ್ತ ಕಂಬದ ಹತ್ತಿರ ಒಬ್ಬಳೇ ನಿಂತಿದ್ದ ಇನ್ನೊಬ್ಬ ಅಜ್ಜಿ ಮೊದಲು ಹತ್ತಿದಳು. ಕೃಪಾ ಕಿಟಕಿಯತ್ತ ಕೈ ತೋರಿಸಿದಳು.

“ಅಜ್ಜಿ, ಮಾರ್ತಾ ಅಜ್ಜಿ ವಸ್ತ್ರ ಹಾಕಿ ನಮಗೂ ಸೀಟು ಹಿಡದಾಳ.”

“ಮುಂದಿನ ಬಸ್ಸಿಗೆ ಹೋಗೂಣು.”

“ಅದು ಇನ್ನ ಎರಡು ತಾಸಿಗೈತ್ರಿ,” ಅಂದಳು ಶಾರದವ್ವ.

ಎಸ್ತೇರವ್ವ ಚೀಲ ಎತ್ತಿಕೊಂಡು ಮೊಮ್ಮಗಳ ಕೈ ಹಿಡಿದು ನಡೆದಳು.

“ನೀ ನಡುವ ಕುಂದರು. ಬ್ಯಾಡಗಿ ಬರೂತನಕ ಪ್ರಾರ್ಥನಿ ಮಾತ್ರ ಮಾಡಬ್ಯಾಡ.”